ಮಾಡಿನ ನೀರು ಬಾವಿಗೆ ಇಳಿಯಲಿ

ಪ್ರಶ್ನೆ: ನಮ್ಮ ಚರ್ಚಿನ ಪರಿಸರ ಸಮಿತಿಗೆ ನನ್ನನ್ನು ಸೇರಿಸಿದ್ದಾರೆ. ವರ್ಷಕ್ಕೊಮ್ಮೆ ಗಿಡ ನೆಡುವುದು ಬಿಟ್ಟು ಬೇರೇನು ಮಾಡಬಹುದು?
– ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಮೊದಲು ತಲೆಯೆತ್ತಿ ಚರ್ಚಿನ ಮಾಡನ್ನು (ಛಾವಣಿಯನ್ನು) ನೋಡಿ. ನಿಮ್ಮ ಕಡೆ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಬರೀ 100 ಚದರ ಮೀಟರ್ ಮಾಡಿನ ಲೆಕ್ಕ ಹಿಡಿದರೂ 3 ಲಕ್ಷ ಲೀಟರ್ ನೀರು! ಅದೆಲ್ಲ ಸುಮ್ನೆ ಚರಂಡಿಗೆ ಹೋಗಿ, ಏಪ್ರಿಲ್‌ನಲ್ಲಿ ಟ್ಯಾಂಕರ್ ಕರೆಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಾಡಿನ ಅಂಚಿಗೆ ನೀರು ಹಿಡಿಯುವ ದಂಬೆ ಕಟ್ಟಿಸಿ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಿ. ಆಮೇಲಿನದನ್ನು ಜಲ್ಲಿ, ಮರಳು, ಇದ್ದಿಲಿನಲ್ಲಿ ಸೋಸಿ ಬಾವಿಗೆ ಇಳಿಸಿ.

ಪೋಪ್ ಫ್ರಾನ್ಸಿಸ್ 2015ರಲ್ಲೇ ಭೂಮಿಯನ್ನು ‘ನಮ್ಮೆಲ್ಲರ ಮನೆ’ ಎಂದು ಕರೆದು ದೀರ್ಘ ಪತ್ರ ಬರೆದರು. ಚರ್ಚುಗಳಲ್ಲಿ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ದಿನಗಳು ಸೃಷ್ಟಿಯ ಕಾಳಜಿಗೆಂದೇ ಮೀಸಲು. ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬವಾದ ನಮ್ಮ ಮೊಂತಿ ಹಬ್ಬವೂ ಅದರೊಳಗೇ ಬರುತ್ತದಲ್ವಾ? ಸೆಪ್ಟೆಂಬರ್ 8ಕ್ಕೆ ಆಶೀರ್ವದಿಸುವ ಹೊಸ ತೆನೆ ಊರಿನ ಪಾಳು ಗದ್ದೆಯಲ್ಲಿ ನಿಮ್ಮ ಯುವಕರೇ ನೆಟ್ಟು ಬೆಳೆದದ್ದಾಗಿರಲಿ. ಮಕ್ಕಳು ಮರಿಯಮ್ಮನಿಗೆ ತರುವ ಹೂವು ಪೇಟೆಯ ಪ್ಲಾಸ್ಟಿಕ್ ಪೊಟ್ಟಣದ್ದು ಬೇಡ, ಹಿತ್ತಿಲಿನ ದಾಸವಾಳ ಸಾಕು. ಬಾಡಿದ ಹೂವು ಗೊಬ್ಬರದ ಗುಂಡಿಗೆ ಹೋಗಲಿ.

ಮೃತರನ್ನು ಸ್ಮರಿಸುವ ನವೆಂಬರ್ 2ರಂದು ಸಮಾಧಿಗಳ ಮೇಲಿಡುವ ಪ್ಲಾಸ್ಟಿಕ್ ಹಾರಗಳ ಬಗ್ಗೆಯೂ ಫಾದರ್ ಹತ್ತಿರ ಈಗಲೇ ಮಾತಾಡಿಬಿಡಿ.