ಅನುಭವ ಇಲ್ಲದ ಹುಡುಗರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಫ್ಯಾಕ್ಟರಿ ಮಾಲೀಕರನ್ನು ಒಪ್ಪಿಸುವುದು ಹೇಗೆ?

ನೀವು ತುಮಕೂರಿನ ಐಟಿಐ ಒಂದರಲ್ಲಿ ಪಾಠ ಮಾಡುತ್ತೀರಿ, ಯಾವ ಶೆಡ್ಡಿಗೆ ಹೋದರೂ "ಅನುಭವ ಇದ್ದವರನ್ನು ಕಳಿಸಿ" ಅಂತಾರೆ ಎಂದು ಬರೆದಿದ್ದೀರಿ. ನಾನು ಹೀರೇಹಳ್ಳಿಯಲ್ಲಿ ಲೋಹದ ಬಿಡಿಭಾಗ ಮಾಡುವ ಸಣ್ಣ ಮಷಿನ್ ಶಾಪ್ ನಡೆಸುತ್ತೇನೆ, ಹದಿನಾಲ್ಕು ಜನ ಇದ್ದೇವೆ. ಹಲವು ವರ್ಷ ನಾನೂ ಅದೇ ಮಾತು ಹೇಳಿ ಕಳಿಸುತ್ತಿದ್ದೆ.

ನಮ್ಮ ಭಯ ದುಡ್ಡಿನದಲ್ಲ. ಹೊಸಬರು ಬಂದರೆ ನನ್ನ ಒಳ್ಳೆಯ ಆಪರೇಟರ್ ಮಷಿನ್ ಬಿಟ್ಟು ಅವರ ಹಿಂದೆ ನಿಲ್ಲಬೇಕು. ಆ ದಿನದ ಡಿಸ್ಪ್ಯಾಚ್ ಹೋಯಿತು ಅಂತಲೇ ಲೆಕ್ಕ. ಇನ್ನೊಂದು, ಕೈಗೆ ಏನಾದರೂ ಆದರೆ? ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ನನ್ನನ್ನು ಒಪ್ಪಿಸಿದವರು ನಿಮ್ಮ ಹಾಗೇ ಒಬ್ಬ ಮೇಷ್ಟ್ರು. ಟೀ ಹೊತ್ತಿಗೆ ಬಂದು ಕೂತರು. ಕೆಲಸ ಕೊಡಿ ಅನ್ನಲೇ ಇಲ್ಲ. "ಸದ್ಯಕ್ಕೆ ನಿಮಗೆ ಜಾಸ್ತಿ ತಲೆನೋವು ಯಾವುದು?" ಅಂತ ಕೇಳಿದರು. ಬರ್ (ಕತ್ತರಿಸಿದ ಅಂಚಿನ ಚೂಪು ಚೂರು) ಉಳಿದಿದೆ, ಅಳತೆ ತಪ್ಪಿದೆ ಅಂತ ಮಾಲು ವಾಪಸ್ ಬರುತ್ತಿತ್ತು, ಅದನ್ನೇ ಹೇಳಿದೆ. ಮುಂದಿನ ವಾರ ಫಿಟ್ಟರ್ ಟ್ರೇಡಿನ ಒಬ್ಬ ಹುಡುಗಿಯನ್ನು ಮೂರು ವಾರಕ್ಕೆ ಅಂತ ಕಳಿಸಿದರು. ಸೂಕ್ಷ್ಮ ಅಳತೆಯ ಸಾಧನಗಳಾದ ವರ್ನಿಯರ್, ಮೈಕ್ರೋಮೀಟರ್ ಎರಡನ್ನೂ ಅವಳಿಗೆ ಮೊದಲೇ ಚೆನ್ನಾಗಿ ಕಲಿಸಿದ್ದರು. ತಿರುಗುವ ಮಷಿನ್ ಹತ್ತಿರ ಗ್ಲೌಸ್ ಹಾಕಬಾರದು, ಚಿಪ್ಸನ್ನು (ಕತ್ತರಿಸುವಾಗ ಬರುವ ಲೋಹದ ಚೂರು) ಕೈಯಲ್ಲಿ ಎಳೆಯಬಾರದು ಅನ್ನುವುದೂ ಅವಳಿಗೆ ಗೊತ್ತಿತ್ತು. ಅವಳು ಮಷಿನ್ ಮುಟ್ಟಲೇ ಇಲ್ಲ. ಬೆಂಚಿನಲ್ಲಿ ಕೂತು ಒಂದೊಂದೇ ಪೀಸ್ ನೋಡಿ ಪುಸ್ತಕದಲ್ಲಿ ಬರೆದಳು. ಮಧ್ಯಾಹ್ನದ ಮೇಲೆ ಅಳತೆ ಜಾರುತ್ತಿದೆ ಅಂತ ಅವಳ ಪುಸ್ತಕ ನೋಡಿಯೇ ನಮಗೆ ತಿಳಿಯಿತು. ಟೂಲ್ ಸವೆಯುತ್ತಿತ್ತು, ನಾವು ಬದಲಿಸುವುದು ತಡವಾಗುತ್ತಿತ್ತು. ಮೂರು ವಾರ ಮುಗಿದಾಗ ಬಿಟ್ಟುಕೊಡಲು ನನಗೇ ಮನಸ್ಸಿರಲಿಲ್ಲ.

ಹಾಗಾಗಿ ಸುಮ್ನೆ ಬಯೋಡೇಟಾ ಕಟ್ಟು ಹಿಡಿದು ಹೋಗಬೇಡಿ. ಒಂದು ಶೆಡ್ಡು, ಒಂದು ತೊಂದರೆ, ಅದಕ್ಕೆ ಹೊಂದುವ ಒಬ್ಬರು. 18 ತುಂಬಿದವರನ್ನೇ ಕಳಿಸಿ. ಸೇಫ್ಟಿ ಶೂ ನೀವೇ ಹಾಕಿಸಿ ಕಳಿಸಿದರೆ ಮಾಲೀಕರ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಇಷ್ಟಾದ ಮೇಲೆ ಅಪ್ರೆಂಟಿಸ್, ಅಂದರೆ ಕೆಲಸ ಮಾಡುತ್ತಾ ಕಲಿಯುವವರ, ಮಾತು ತೆಗೆಯಿರಿ. 1961ರ ಅಪ್ರೆಂಟಿಸ್ ಕಾಯ್ದೆ 30 ಜನಕ್ಕಿಂತ ದೊಡ್ಡ ಫ್ಯಾಕ್ಟರಿಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. 30 ಇದ್ದರೆ ಕಡ್ಡಾಯ, ನಿಜ. ಆದರೆ ನಾಲ್ಕು ಜನ ಇರುವ ಶೆಡ್ಡೂ ಇಷ್ಟಪಟ್ಟರೆ ತೆಗೆದುಕೊಳ್ಳಬಹುದು. 2016ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಸ್ಟೈಪೆಂಡಿನ (ಅಪ್ರೆಂಟಿಸ್‌ಗೆ ಕೊಡುವ ತಿಂಗಳ ಹಣ) ಕಾಲು ಭಾಗ, ತಿಂಗಳಿಗೆ 1500 ರೂಪಾಯಿವರೆಗೆ, ಸರ್ಕಾರದ ಪಾಲು. ಅದರ ಆನ್‌ಲೈನ್ ಪೋರ್ಟಲ್ ಕೆಲಸ ಮಾತ್ರ ನಮ್ಮಂಥವರಿಗೆ ಬೆಟ್ಟ. ಮೊದಲ ಸಲ ನೀವೇ ಪಕ್ಕದಲ್ಲಿ ಕೂತು ನೋಂದಣಿ ಮಾಡಿಕೊಡಿ.

"ಕಲಿತು ಬಿಟ್ಟು ಹೋಗ್ತಾರೆ" ಅಂತಾರೆ, ಅಲ್ವಾ? ಹೋಗುತ್ತಾರೆ. ಆ ಹುಡುಗಿಯೂ ಎರಡು ವರ್ಷಕ್ಕೆ ದೊಡ್ಡ ಕಂಪನಿಗೆ ಹೋದಳು. ನನಗೆ ಬೇಜಾರಾಯಿತು. ಆದರೆ ಹೋಗುವ ಮುಂಚೆ ಪಾವಗಡದ ತನ್ನ ಊರಿನ ಇಬ್ಬರನ್ನು ಕರೆತಂದು, ಆ ಪುಸ್ತಕ ಬರೆಯುವುದನ್ನು ತಾನೇ ಕಲಿಸಿ ಹೋದಳು. ಇಬ್ಬರೂ ಈಗ ನನ್ನ ಹತ್ತಿರವೇ ಇದ್ದಾರೆ.

ಕಳಿಸಿದ ಮೊದಲ ವಾರದಲ್ಲೇ ಒಂದು ಸಲ ನೀವು ಶೆಡ್ಡಿಗೆ ಬನ್ನಿ. ಮಾಲೀಕರನ್ನು ಆಮೇಲೆ ನೋಡಿ, ಮೊದಲು ಆಪರೇಟರ್ ಹತ್ತಿರ ಮಾತಾಡಿ. ಕಲಿಸುವವರು ಅವರೇ.