ಪವರ್ ‘ಸ್ವಲ್ಪ’ ಇಳಿಸಿದಿರಿ, ಅಂದರೆ ಎಷ್ಟು?

ನಮಸ್ಕಾರ.

ನೀವು ಕಳಿಸಿದ ‘ಅಲೆಗಳ ಅಮರಗಾನ’ ಲೇಖನ ಓದಿದೆ. ಅಮೆರಿಕದ ಸಣ್ಣ ಊರಿನ ರೇಡಿಯೋ ಸ್ಟೇಷನ್ ಗುಜರಿಗೆ ಹಾಕಲಿದ್ದ ಗೇಟ್ಸ್ ಬಿಸಿ-1ಟಿ ಟ್ರಾನ್ಸ್‌ಮಿಟರನ್ನು ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರ ಜೊತೆ ಸೇರಿ, ಹವ್ಯಾಸಿಗಳಿಗೆ ಮೀಸಲಾದ 160 ಮೀಟರ್ ಬ್ಯಾಂಡಿಗೆ ತಂದಿದ್ದೀರಿ. ವಿಷಯ ಚೆನ್ನಾಗಿದೆ. ಬರಹವನ್ನು ಮಾತ್ರ ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ನಾಲ್ಕು ಪುಟ ಮಾರ್ಕೋನಿ, ಮಹಾಯುದ್ಧ, ನಿಮ್ಮ ತಾತನ ಮರ್ಫಿ ರೇಡಿಯೋ. ಟ್ರಾನ್ಸ್‌ಮಿಟರ್ ಬರುವುದು ಐದನೇ ಪುಟದಲ್ಲಿ. ಅಷ್ಟು ಹೊತ್ತಿಗೆ ಓದುಗ ಎದ್ದು ಹೋಗಿರುತ್ತಾನೆ. ಅವಷ್ಟನ್ನೂ ತೆಗೆಯಿರಿ.

ನಿಜವಾದ ಕಥೆ ಒಂದೇ ಸಾಲಿನಲ್ಲಿ ಮುದುಡಿ ಕೂತಿದೆ: ‘ಆಮೇಲೆ ಪವರ್ ಸ್ವಲ್ಪ ಇಳಿಸಿದೆವು.’ ಇದು 1 ಕಿಲೋವ್ಯಾಟ್ ಯಂತ್ರ. ಅಲ್ಲಿ ಹ್ಯಾಮ್‌ಗಳಿಗಿರುವ ಮಿತಿ 1500 ವ್ಯಾಟ್. ಹಾಗಿದ್ದರೆ ಇಳಿಸುವುದು ಯಾಕೆ ಅಂತ ಓದುಗ ಕೇಳುತ್ತಾನೆ, ಅಲ್ವಾ? ಆ ಮಿತಿಯನ್ನು ಅಳೆಯುವುದು ಅಲೆ ತುದಿ ಮುಟ್ಟಿದಾಗ. ಎಎಂನಲ್ಲಿ, ಅಂದರೆ ಧ್ವನಿಗೆ ತಕ್ಕಂತೆ ಅಲೆಯ ಎತ್ತರ ಏರಿಳಿಯುವ ಪದ್ಧತಿಯಲ್ಲಿ, ಪೂರ್ತಿ ಮಾಡ್ಯುಲೇಷನ್ (ಆ ಏರಿಳಿತ) ಆದರೆ ತುದಿಯಲ್ಲಿ ವೋಲ್ಟೇಜ್ ಎರಡರಷ್ಟು, ಪವರ್ ನಾಲ್ಕರಷ್ಟು. 1000 ವ್ಯಾಟ್ ಕ್ಯಾರಿಯರ್ (ಧ್ವನಿ ಸೇರಿಸುವ ಮೊದಲಿನ ಮೂಲ ಅಲೆ) ಅಲ್ಲಿ 4000 ಆಗುತ್ತದೆ. ಮಿತಿಯೊಳಗೆ ಇರಬೇಕೆಂದರೆ ಕ್ಯಾರಿಯರ್ 375 ವ್ಯಾಟ್ ಮಾತ್ರ. ಇಷ್ಟು ದೊಡ್ಡ ಯಂತ್ರವನ್ನು ಅಷ್ಟಕ್ಕೆ ಪಳಗಿಸುವುದೇ ನಿಮ್ಮ ಲೇಖನ. ಟ್ರಾನ್ಸ್‌ಫಾರ್ಮರಿನ ಟ್ಯಾಪ್ (ತಂತಿ ಜೋಡಿಸುವ ಜಾಗ) ಬದಲಿಸಿ ವಾಲ್ವಿಗೆ ಕೊಡುವ ಪ್ಲೇಟ್ ವೋಲ್ಟೇಜ್ ತಗ್ಗಿಸಿದಿರೋ, ಕೊನೆಯ ಹಂತದ ಎರಡು 833ಎ ವಾಲ್ವ್‌ಗಳಲ್ಲಿ ಒಂದನ್ನು ಕಿತ್ತಿರೋ? ಬರೆಯಿರಿ.

ಕಾಯಿಲಿನ ವಿಷಯವೂ ಹಾಗೇ. ಸ್ಟೇಷನ್ 1240 ಕಿಲೋಹರ್ಟ್ಸ್‌ನಲ್ಲಿತ್ತು, ನೀವು ತಂದದ್ದು 1885ಕ್ಕೆ. ಅದಕ್ಕೆ ಟ್ಯೂನ್ ಮಾಡುವ ಕಾಯಿಲ್, ಕೆಪಾಸಿಟರ್ ಎರಡನ್ನೂ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲಿಗೆ ಇಳಿಸಬೇಕಾಗುತ್ತದೆ. ಎಷ್ಟು ಸುತ್ತು ಬಿಟ್ಟಿರಿ? ಫ್ರೀಕ್ವೆನ್ಸಿ ಗೊತ್ತುಮಾಡುವ ಹಳೇ ಕ್ರಿಸ್ಟಲ್ ಜಾಗಕ್ಕೆ ಏನು ಹಾಕಿದಿರಿ? ನ್ಯೂಟ್ರಲೈಸೇಷನ್ (ವಾಲ್ವ್ ತಾನಾಗಿಯೇ ಅಲೆ ಹುಟ್ಟಿಸದಂತೆ ಹೊಂದಿಸುವುದು) ಮತ್ತೆ ಮಾಡಿದಿರಾ? ಅಮೆರಿಕದಲ್ಲಿ ಸ್ಟೇಷನ್ನುಗಳ ಎಎಂ ಬ್ಯಾಂಡ್ 1700ಕ್ಕೆ ಮುಗಿದರೆ 160 ಮೀಟರ್ ಶುರುವಾಗುವುದು 1800ಕ್ಕೆ. ಪಕ್ಕದ ಮನೆಯಷ್ಟು ಹತ್ತಿರ. ಅದಕ್ಕೇ ಇದು ಇನ್ನೂ ದೂರದ 80 ಮೀಟರ್ ಬ್ಯಾಂಡಿಗಿಂತ ಸುಲಭ. ಇದನ್ನೂ ನೀವು ಹೇಳಿಲ್ಲ.

‘ಎಚ್ಚರಿಕೆ ಅಗತ್ಯ’ ಅನ್ನುವ ಕೊನೆಯ ಸಾಲು ನನಗೆ ಸಿಟ್ಟು ತರಿಸಿತು. ಒಳಗಿರುವುದು 2000 ವೋಲ್ಟ್‌ಗೂ ಜಾಸ್ತಿ. ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಬಾಗಿಲಿನ ಇಂಟರ್‌ಲಾಕ್ (ತೆಗೆದರೆ ಕರೆಂಟ್ ಕಡಿಯುವ ಸ್ವಿಚ್) ಯಾಕಿದೆ, ಕೈ ಹಾಕುವ ಮೊದಲು ಉಳಿದ ಚಾರ್ಜನ್ನು ನೆಲಕ್ಕಿಳಿಸುವ ಅರ್ಥಿಂಗ್ ಕೋಲು ಎಲ್ಲಿ ಮುಟ್ಟಿಸಬೇಕು ಅನ್ನುವುದು ಕೆಲಸದ ವಿವರಣೆಯ ನಡುವೆಯೇ ಬರಲಿ. ನಿಮ್ಮದನ್ನು ಓದಿ ಯಾರೋ ಹುಡುಗ ಸುಮ್ನೆ ಬಾಗಿಲು ತೆಗೆದಾನು.

833ಎ ಫಿಲಮೆಂಟ್ ಹೊತ್ತಿಕೊಂಡು ಗ್ಯಾರೇಜಿನ ಗೋಡೆ ಹಳದಿಯಾದ ಆ ಎರಡು ಸಾಲು ಮುಟ್ಟಬೇಡಿ. ಅಲ್ಲಿ ನೀವು ಕಣ್ಣಾರೆ ನೋಡಿ ಬರೆದಿದ್ದೀರಿ. ಉಳಿದ ಕಡೆಯೆಲ್ಲ ‘ಅದ್ಭುತ’, ‘ರೋಮಾಂಚನ’ ತುಂಬಿಕೊಂಡಿವೆ. ಶೀರ್ಷಿಕೆಯನ್ನೂ ಬದಲಿಸಿ.

ಆರು ಪುಟದೊಳಗೆ ತಿದ್ದಿ ಕಳಿಸಿ. ಯಂತ್ರದ ಪಕ್ಕ ನೀವು ನಿಂತ ಫೋಟೋ ಬೇಡ. ಕಾಯಿಲಿನ ಟ್ಯಾಪ್ ಕಾಣುವಂಥದ್ದಿದ್ದರೆ ಜೊತೆಗಿಡಿ.