ಫೌಜಿ ಅಪ್ಪನ ಪುಣ್ಯತಿಥಿಗೆ ಏನು ಮಾತಾಡಲಿ?

ನಿಮ್ಮ ಪ್ರಶ್ನೆ ಓದಿದೆ. ಅಪ್ಪ ಮಿಲಿಟರಿಯಲ್ಲಿದ್ದವರು, ಕೈಬಿಚ್ಚಿ ಕೊಡುತ್ತಿದ್ದವರು, ಮೊದಲ ಪುಣ್ಯತಿಥಿಗೆ ನಾಲ್ಕು ಮಾತು ಆಡಬೇಕು, ಆದರೆ ಯುದ್ಧದ ಒಂದು ಕಥೆಯೂ ಗೊತ್ತಿಲ್ಲ ಅಂದಿದ್ದೀರಿ. ಗೊತ್ತಿಲ್ಲದಿದ್ದರೆ ಬಿಡಿ. ಗೊತ್ತಿದ್ದವರ ಹಾಗೆ ಬರೆಯಲು ಹೋಗಿ ನಾನು ಪೇಚಿಗೆ ಸಿಕ್ಕಿದ್ದೆ.

ನಮ್ಮಪ್ಪ ಗೋಕಾಕ ಕಡೆಯವರು. 1964ರಲ್ಲಿ ಭರ್ತಿಯಾಗಿ ಪುಣೆಯ ಖಡ್ಕಿಗೆ ಬಂದರು, ಬಾಂಬೆ ಸ್ಯಾಪರ್ಸ್‌ಗೆ. ಸೇತುವೆ ಕಟ್ಟೋದು, ಮೈನ್ ಅಂದರೆ ನೆಲಬಾಂಬು ಹೂಳೋದು, ಹೂತದ್ದನ್ನು ತೆಗೆಯೋದು ಆ ಪಡೆಯ ಕೆಲಸ. ಹವಾಲ್ದಾರ್ ಆಗಿ ರಿಟೈರಾದ ಮೇಲೆ ಊರಿಗೆ ಹೋಗದೆ ಖಡ್ಕಿ ಪಕ್ಕದ ಬೋಪೋಡಿಯಲ್ಲಿ ಎರಡು ಖೋಲಿ ಹಿಡಿದು ಉಳಿದರು. 1971ರ ಯುದ್ಧಕ್ಕೆ ಹೋಗಿದ್ದರು. ಕೇಳಿದರೆ 'ಭಾಳ ಥಂಡಿ ಇತ್ತು' ಅನ್ನೋರು, ಅಷ್ಟೇ. ಅದೇ ಪಡೆಯ, ಕಾರವಾರದ ರಾಮಾ ರಾಘೋಬಾ ರಾಣೆ 1948ರಲ್ಲಿ ರಾಜೌರಿ ದಾರಿಯ ಮೈನ್ ತೆಗೆದು ಪರಮವೀರ ಚಕ್ರ ಪಡೆದದ್ದನ್ನು ಮಾತ್ರ ತಾಸುಗಟ್ಟಲೆ ಹೇಳೋರು. ಅಪ್ಪನ ಕಸುಬು ನಾನು ಕಣ್ಣಾರೆ ನೋಡಿದ್ದು ಊರಿನ ಗೆಣಸಿನ ಹೊಲದಲ್ಲಿ. ಮೈನ್ ಹುಡುಕುವ ಹಾಗೇ ಸಲಾಕೆಯನ್ನು ಓರೆ ಮಾಡಿ, ಉಸಿರು ಬಿಗಿಹಿಡಿದು ಮಣ್ಣಿಗೆ ತೂರಿಸೋರು. 'ನೆಟ್ಟಗ ಚುಚ್ಚಬ್ಯಾಡ. ಗೆಣಸೂ ಹಾಳು, ನೀನೂ ಹಾಳು.'

ಅವರು ಹೋದದ್ದು 2019ರಲ್ಲಿ. ಪುಣ್ಯತಿಥಿಗೆ ಅಂತ ಅಲ್ಲಿ ಇಲ್ಲಿ ಓದಿ 1971ರ ಬಗ್ಗೆ ಎರಡು ಪುಟ ಬರೆದೆ. ಅವ್ವನ ಮುಂದೆ ಓದಿದೆ. ಪೂರ್ತಿ ಕೇಳಿ, 'ಇದರಾಗ ನಿಮ್ಮಪ್ಪಾರು ಎಲ್ಲಿ ಅದಾರ?' ಅಂದಳು.

ಹರಿದು ಹಾಕಿದೆ.

ಅಪ್ಪ ಇದ್ದದ್ದು ಪಿಂಚಣಿಯ ಅರ್ಜಿ ಫಾರ್ಮುಗಳಲ್ಲಿ. ಅಥಣಿ, ಜಮಖಂಡಿ, ಗೋಕಾಕ ಕಡೆಯಿಂದ ಪಿಂಚಣಿ ಕಾಗದದ ಕೆಲಸಕ್ಕೆ ಪುಣೆಗೆ ಬರುವ ಫೌಜಿಗಳ ಹೆಂಡಂದಿರು ನಮ್ಮನೆಗೇ ಇಳಿಯೋರು. ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಪ್ಲಾಸ್ಟಿಕ್ ಚೀಲದಲ್ಲಿ ಕಾಗದ. ಮರಾಠಿ ಬಾರದು, ಹಿಂದಿ ಬಾರದು. 'ಹವಾಲ್ದಾರ ಅಣ್ಣಾರ' ಅಂತ ಬಾಗಿಲಲ್ಲಿ ಕೂಗಿದರೆ ಮುಗೀತು, ಅಪ್ಪ ಕನ್ನಡಕ ಹುಡುಕೋರು.

ಒಬ್ಬ ಅಜ್ಜಿ ನೆನಪಿದ್ದಾಳೆ, ಯಲ್ಲವ್ವ. ಫ್ಯಾಮಿಲಿ ಪಿಂಚಣಿಯಲ್ಲಿ 80 ತುಂಬಿದರೆ ಮೂಲ ಮೊತ್ತದ ಮೇಲೆ 20 ಶೇಕಡಾ ಜಾಸ್ತಿ ಸಿಗುತ್ತದೆ, 85ಕ್ಕೆ 30. ಆದರೆ ಪಿಪಿಒದಲ್ಲಿ, ಅಂದರೆ ಪಿಂಚಣಿ ಆದೇಶದ ಕಾಗದದಲ್ಲಿ, ಆಕೆಯ ಹುಟ್ಟಿದ ತಾರೀಖೇ ಇರಲಿಲ್ಲ. ತಾರೀಖಿಲ್ಲದೆ 80 ಆಯಿತು ಅಂತ ಯಾರು ನಂಬುತ್ತಾರೆ? ಅಪ್ಪ ಅಫಿಡವಿಟ್ ಮಾಡಿಸಿದರು, ದೊಡ್ಡ ಅಕ್ಷರದಲ್ಲಿ ಒಂದೊಂದೇ ಚೌಕಕ್ಕೆ ಬರೆದರು, ಹೆಬ್ಬೆಟ್ಟು ಒತ್ತಿಸಿದರು. ಆಮೇಲೆ ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ಕೊಟ್ಟರು, 'ಮಸಿ ಒರಸ್ಕೊ ತಂಗೆವ್ವ' ಅಂತ. ಆಕೆ ಅಪ್ಪನಿಗಿಂತ ಹತ್ತು ವರ್ಷ ದೊಡ್ಡವಳು! ಹೊರಡುವಾಗ ರೈಲಿನ ಟಿಕೆಟ್ಟೂ ಅಪ್ಪಂದೇ.

ನವೆಂಬರ್ ಬಂದರಂತೂ ಕೇಳಲೇಬೇಡಿ. ಬದುಕಿದ್ದೇನೆ ಅಂತ ತೋರಿಸುವ ತಿಂಗಳು ಅದು. ಪುಣೆಯಲ್ಲಿ ಆ ಪ್ರಮಾಣಪತ್ರಕ್ಕೆ 'ಹಯಾತೀಚಾ ದಾಖಲಾ' ಅನ್ನುತ್ತೇವೆ. 2014ರಲ್ಲಿ ಬೆರಳೊತ್ತಿ ಮುಗಿಸುವ ಜೀವನ್ ಪ್ರಮಾಣ್ ಬಂದಾಗ ಸುಲಭ ಆಯ್ತು ಅಂದುಕೊಂಡೆವು. ಕಳೆ ಕಿತ್ತು ಕಿತ್ತು ಸವೆದ ಬೆರಳು, ಮಷಿನ್ನಿಗೆ ಗೆರೆಯೇ ಸಿಗಲ್ಲ. ಮತ್ತೆ ಅಪ್ಪನೇ ಜೊತೆಗೆ ಹೋಗಿ ಬ್ಯಾಂಕಿನ ಸಾಲಿನಲ್ಲಿ ನಿಲ್ಲೋರು.

ಸುಮ್ನೆ ಹೊಗಳುತ್ತಿಲ್ಲ. ಕೊಡುಗೈ ಅಪ್ಪನ ಮನೆಯಲ್ಲಿ ಬೆಳೆಯೋದು ಸುಲಭ ಅಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆಗೆ ನಾನು ಓದಿದ್ದು ಅಡುಗೆ ಖೋಲಿಯಲ್ಲಿ, ಒಲೆಯ ಪಕ್ಕ ಕೂತು. ಇನ್ನೊಂದು ಖೋಲಿಯಲ್ಲಿ ಯಾರದೋ ಚಿಕ್ಕಮ್ಮ ಮಲಗಿರೋರು. ಸಕ್ಕರೆ ಡಬ್ಬಿ ತಿಂಗಳ ಇಪ್ಪತ್ತಕ್ಕೇ ಖಾಲಿ. ಅವ್ವ ಪಾತ್ರೆ ಕುಕ್ಕುವ ಸದ್ದಿನಲ್ಲೇ ಎಷ್ಟು ಜನ ಬಂದಿದ್ದಾರೆ ಅಂತ ಗೊತ್ತಾಗೋದು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಹೋಗಿಲ್ಲ.

ಇನ್ನು ತಮಾಷೆ ಕೇಳಿ. ಅಪ್ಪ ಹೋದಮೇಲೆ ಅವ್ವನ ಪಿಂಚಣಿಗೆ ಹೋದರೆ ಹೆಸರೇ ಹೊಂದಲಿಲ್ಲ. ಫೌಜಿನ ಕಾಗದದಲ್ಲಿ ಗಂಗವ್ವ, ಆಧಾರ್‌ನಲ್ಲಿ ಗಂಗೂಬಾಯಿ. ಪುಣೆಗೆ ಬಂದ ಹೊಸತರಲ್ಲಿ ಯಾರೋ ರೇಷನ್ ಕಾರ್ಡಿನಲ್ಲಿ ಅವ್ವನನ್ನು 'ಬಾಯಿ' ಮಾಡಿದ್ದರು, ಅದೇ ಮುಂದುವರಿದಿತ್ತು. ಊರವರ ಕಾಗದವನ್ನೆಲ್ಲ ತಿದ್ದಿದ ಮನುಷ್ಯ ಮನೆಯದನ್ನು ತೆಗೆದೂ ನೋಡಿರಲಿಲ್ಲ. ಸರಿ ಮಾಡಿಸಲು ನನಗೆ ಎಂಟು ತಿಂಗಳು ಹಿಡಿಯಿತು. ಪುಣ್ಯತಿಥಿಯ ದಿನ ನಾನು ಹೇಳಿದ್ದು ಇದೊಂದನ್ನೇ. ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವ್ವ.

ನಿಮ್ಮ ಅಪ್ಪನಿಂದ ಸಹಾಯ ಪಡೆದ ಇಬ್ಬರಿಗೆ ಫೋನ್ ಮಾಡಿ, ಅಪ್ಪ ಏನು ಕೊಟ್ಟರು ಅಂತ ಕೇಳಬೇಡಿ, ಕೊಡುವಾಗ ಏನಂದರು ಅಂತ ಕೇಳಿ. ನಾಲ್ಕು ಮಾತು ಅಲ್ಲೇ ಸಿಗುತ್ತವೆ. ಅದಕ್ಕೂ ಮೊದಲು ಇವತ್ತೇ ನಿಮ್ಮ ತಾಯಿಯವರ ಪಿಪಿಒ ತೆಗೆದು ಆಧಾರ್ ಪಕ್ಕದಲ್ಲಿಟ್ಟು ನೋಡಿ, ಹೆಸರು ಮತ್ತು ಹುಟ್ಟಿದ ತಾರೀಖು ಎರಡೂ.